ಅಡಿಸ್ ಅಬಾಬಾಕ್ಕೆ ಎಷ್ಟು ತಾಸು

ಮಡಿವಾಳೆಪ್ಪನವರು ಹುಟ್ಟಿದ್ದು ಸುರೇಬಾನದಲ್ಲಿ, ಬದುಕಿದ್ದೆಲ್ಲ ರಾಮದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಎಂದು ಅವರ ಹೆಂಡತಿ ಪದ್ಮವ್ವ ಹೇಳುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಇಪ್ಪತ್ತೈದನೆಯ ವಯಸ್ಸಿಗೆ ಕಂಡಕ್ಟರ್ ಆಗಿ ಚೀಲ ಹೆಗಲಿಗೇರಿಸಿದವರು ಹದಿನಾರು ವರ್ಷ ಸವದತ್ತಿ, ಬೈಲಹೊಂಗಲ, ಕಿತ್ತೂರಿನ ದಾರಿ ತಿರುಗಿದರು. ಆಮೇಲೆ ಕಂಟ್ರೋಲರ್ ಆಗಿ ನಿವೃತ್ತಿಯ ತನಕ ಹತ್ತೊಂಬತ್ತು ವರ್ಷ ಅದೇ ಸ್ಟ್ಯಾಂಡಿನ ಗೂಡಿನಂಥ ಕೋಣೆಯಲ್ಲಿ ಕುಳಿತರು. ಬಸ್ಸು ಬಂದದ್ದು, ಹೋದದ್ದು, ತಡವಾದದ್ದು ಬರೆದಿಡುವುದು, ಮೈಕಿನಲ್ಲಿ ಕೂಗುವುದು ಅವರ ಕೆಲಸ. ದೂರವನ್ನು ಅವರು ತಾಸಿನಲ್ಲೇ ಅಳೆಯುತ್ತಿದ್ದರು. ಸವದತ್ತಿ ಒಂದು ತಾಸು, ಬೈಲಹೊಂಗಲ ಎರಡು ತಾಸು ಮೇಲೆ ಚಿಲ್ಲರೆ, ಕಿತ್ತೂರಿಗೆ ಅದರ ಮೇಲೆ ಇನ್ನೊಂದು ತಾಸು. ಯಾರಾದರೂ ಕಿಲೋಮೀಟರ್ ಹೇಳಿದರೆ, ರಸ್ತೆ ಹೇಗಿದೆ ಎಂದು ಕೇಳದೆ ಒಪ್ಪುತ್ತಿರಲಿಲ್ಲ.

ಪದ್ಮವ್ವ ಸಿಕ್ಕದ್ದೂ ಬಸ್ಸಿನಲ್ಲೇ. ಹೂಲಿಯಿಂದ ಸವದತ್ತಿಗೆ ಹೊಲಿಗೆ ಕಲಿಯಲು ಬರುತ್ತಿದ್ದ ಹುಡುಗಿ. ಒಂದು ವರ್ಷ ಟಿಕೆಟ್ ಹರಿದುಕೊಟ್ಟ ಮೇಲೆ ಮಡಿವಾಳೆಪ್ಪನವರು ಧೈರ್ಯ ಮಾಡಿ ಸುರೇಬಾನದ ತಮ್ಮ ಅಕ್ಕ ದೇವಕ್ಕನನ್ನು ಹೂಲಿಗೆ ಮಾತಾಡಲು ಕಳಿಸಿದರು. ದೇವಕ್ಕ ಹೋದ ದಿನವೇ ಎಲೆ ಅಡಿಕೆ ಹಿಡಿದುಕೊಂಡು ಬಂದಳು.

ಬಸ್ ಸ್ಟ್ಯಾಂಡಿನ ಮಂದಿ ಇವತ್ತಿಗೂ ಅವರ ಒಂದು ಕೆಲಸ ನೆನೆಯುತ್ತಾರೆ. ಒಂದು ವರ್ಷ ಮಲಪ್ರಭೆ ಉಕ್ಕಿ ಸೇತುವೆಯ ಮೇಲೆ ನೀರು ಹರಿದಾಗ ಮಧ್ಯಾಹ್ನದ ಬಸ್ಸೊಂದು ಬರಲೇ ಇಲ್ಲ. ಆಗಿನ್ನೂ ಎಲ್ಲರ ಕಿಸೆಯಲ್ಲಿ ಫೋನ್ ಇರಲಿಲ್ಲ. ಮಂದಿ ಸ್ಟ್ಯಾಂಡಿನಲ್ಲಿ ನೆರೆದು ಅಳುವುದಕ್ಕೆ ಶುರು ಮಾಡಿದ್ದರು. ಮಡಿವಾಳೆಪ್ಪನವರು ದಾರಿಯ ಮೇಲಿನ ಊರುಗಳಲ್ಲಿ ಫೋನ್ ಇದ್ದ ಅಂಗಡಿ, ಸೊಸೈಟಿ, ಶಾಲೆ ಎಲ್ಲಕ್ಕೂ ಒಂದೊಂದಾಗಿ ಹಚ್ಚಿ, ಬಸ್ಸು ಯಾವ ಊರು ದಾಟಿದೆ, ಯಾವ ಊರಿಗೆ ಇನ್ನೂ ಬಂದಿಲ್ಲ ಎಂದು ಕೇಳುತ್ತ ಹೋದರು. ಕೊನೆಗೆ ನಲವತ್ತು ಜನ ಪ್ರಯಾಣಿಕರು ಒಂದು ಹಳ್ಳಿಯ ಮಠದ ಪಡಸಾಲೆಯಲ್ಲಿ ಊಟಕ್ಕೆ ಕೂತಿರುವ ಸುದ್ದಿ ಸಿಕ್ಕಿತು.

ಅವರಿಗೆ ಒಬ್ಬಳೇ ಮಗಳು, ಶೀತಲ. ಅಳಿಯ ಬಸವಲಿಂಗ ಬೈಲಹೊಂಗಲದವನು, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ಕುದಿಸಿ ಹರಳು ಕಟ್ಟಿಸುವ ಕೆಲಸದಲ್ಲಿ ಪಳಗಿದವನು. ಆ ಕೆಲಸ ಬಲ್ಲವರಿಗೆ ಆಫ್ರಿಕಾದ ಕಡೆಯಿಂದ ಕರೆ ಬರುವುದು ಈ ಸೀಮೆಯಲ್ಲಿ ಹೊಸದೇನಲ್ಲ. ಅವನಿಗೂ ಇಥಿಯೋಪಿಯಾದ ಒಂದು ಕಾರ್ಖಾನೆಯಿಂದ ಬಂತು, ಗಂಡ ಹೆಂಡತಿ ಹೋದರು. ಶೀತಲಳಿಗೆ ಅದಕ್ಕೆ ಮೊದಲು ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಮೂರನೆಯದು ಅಲ್ಲಿ ನಿಂತಿತು. ಏಳು ತಿಂಗಳು ತುಂಬಿದ ಮೇಲೆ ತವರಿಗೆ ಕರೆತರುವ ಮಾತು ಬಂದಾಗ ಅಲ್ಲಿನ ಡಾಕ್ಟರು ವಿಮಾನ ಹತ್ತುವುದು ಬೇಡವೇ ಬೇಡ ಎಂದರು. ಬಸವಲಿಂಗ ಅಡಿಸ್ ಅಬಾಬಾದಲ್ಲಿ ಆಸ್ಪತ್ರೆಯ ಹತ್ತಿರ ಒಂದು ಬಾಡಿಗೆ ಕೋಣೆ ಹಿಡಿದ. ಮಗಳು ತವರಿಗೆ ಬರಲಾಗದಿದ್ದರೆ ತವರೇ ಅಲ್ಲಿಗೆ ಹೋಗಬೇಕು ಎಂದು ಪದ್ಮವ್ವ ಅವತ್ತೇ ಬಾಣಂತಿಯ ಉಂಡಿಗೆ ಅಳವಿ ಬೀಜ ಹುರಿಯಲು ಕೂತರು.

ಟಿಕೆಟ್ ತೆಗೆದದ್ದು ಬಸ್ ಸ್ಟ್ಯಾಂಡಿನ ಎದುರಿಗೆ ಝೆರಾಕ್ಸ್ ಮತ್ತು ಟಿಕೆಟ್ ಅಂಗಡಿ ಇಟ್ಟಿದ್ದ ಗೌತಮ. ಮಡಿವಾಳೆಪ್ಪನವರು ಕಾಗದವನ್ನು ಎರಡು ಸಲ ಓದಿಸಿದರು. ಮುಂಬೈ ಬಿಡುವುದು ಮುಂಜಾನೆ ಐದು ನಲವತ್ತಕ್ಕೆ, ಅಡಿಸ್ ಅಬಾಬಾ ಮುಟ್ಟುವುದು ಎಂಟು ನಲವತ್ತಕ್ಕೆ. ದೂರ ಎಷ್ಟು ಎಂದು ಕೇಳಿದರು. ಗೌತಮ ನೋಡಿ, ಮೂರು ಸಾವಿರದ ಎಂಟುನೂರು ಕಿಲೋಮೀಟರಿನ ಮೇಲೆ ಎಂದ.

“ಇದು ತಪ್ಪೈತಿ ತಮ್ಮಾ,” ಎಂದರು ಮಡಿವಾಳೆಪ್ಪನವರು. “ಮೂರು ತಾಸಿನ್ಯಾಗ ಅಷ್ಟು ದೂರ ಯಾವ ಗಾಡಿ ಹೊಕ್ಕೈತಿ?”

“ಮೂರು ತಾಸಲ್ರಿ ಕಾಕಾ. ಐದೂವರಿ ತಾಸು. ಅವರ ಗಡಿಯಾರ ನಮಗಿಂತ ಎರಡೂವರಿ ತಾಸು ಹಿಂದ ಐತಿ.”

ಗೌತಮ ಅದನ್ನು ಲೆಕ್ಕ ಮಾಡಿ ತೋರಿಸಿದ. ಇಲ್ಲಿ ಹನ್ನೊಂದು ಹತ್ತು ಆದಾಗ ಅಲ್ಲಿ ಎಂಟು ನಲವತ್ತು. ಮಡಿವಾಳೆಪ್ಪನವರು ಟಿಕೆಟ್ಟಿನ ನಕಲಿನ ಹಿಂದೆ ದೊಡ್ಡ ಅಕ್ಷರದಲ್ಲಿ ‘ನಮ್ಮ ತಾಸು ಹನ್ನೊಂದು ಹತ್ತು’ ಎಂದು ಬರೆದುಕೊಂಡರು. ದಾರಿಯಲ್ಲಿ ಎಲ್ಲೂ ನಿಲ್ಲದ ಗಾಡಿ, ಆಕಾಶದಲ್ಲಿ ತಗ್ಗು ದಿನ್ನೆಯೂ ಇಲ್ಲ, ಹಾಗಾದರೆ ಸರಿ ಹೋಗುತ್ತದೆ ಎಂದು ಅವರಿಗೆ ಒಪ್ಪಿಗೆಯಾಯಿತು.

ಮುಂಬೈ ತನಕ ತಾವೇ ಹೋಗಿ ಕಳಿಸಿ ಬರಬೇಕೆಂದಿದ್ದರು. ಆದರೆ ಹೊರಡುವ ವಾರದಲ್ಲೇ ಅವರ ಬಲಗಣ್ಣಿನ ಪೊರೆ ತೆಗೆಯುವ ಆಪರೇಶನ್ ಆಗಿತ್ತು. ಧೂಳು, ಪ್ರಯಾಣ ಎರಡೂ ಬೇಡ ಎಂದು ಕಣ್ಣಿನ ಡಾಕ್ಟರು ಹದಿನೈದು ದಿನ ಕಟ್ಟಿಹಾಕಿದ್ದರು. ಕೊನೆಗೆ ಪದ್ಮವ್ವನ ತಮ್ಮ ಯಮನಪ್ಪ ಅಕ್ಕನನ್ನು ಬಸ್ಸಿನಲ್ಲಿ ಮುಂಬೈಗೆ ಕರೆದೊಯ್ದ. ಮಂಗಳವಾರ ಬೆಳಿಗ್ಗೆ ಆರಕ್ಕೆ ಅವನ ಫೋನ್ ಬಂತು. ಅಕ್ಕ ಒಳಗೆ ಹೋದಳು, ತಿರುಗಿ ಒಂದು ಸಲ ಕೈ ಮಾಡಿದಳು, ವಿಮಾನವೂ ಹೊತ್ತಿಗೆ ಸರಿಯಾಗಿ ಬಿಟ್ಟಿತು ಎಂದ.

ಮಡಿವಾಳೆಪ್ಪನವರು ಕಪ್ಪು ಕನ್ನಡಕ ಹಾಕಿಕೊಂಡು ಮನೆಯ ಕಟ್ಟೆಯ ಮೇಲೆ ಕೂತರು. ಏಳು ಗಂಟೆಗೆ, ಸವದತ್ತಿ ಆಗಿದ್ದರೆ ಇಷ್ಟೊತ್ತಿಗೆ ಇಳಿದು ನಡೆಯುತ್ತಿದ್ದಳು ಅನ್ನಿಸಿತು. ಒಂಬತ್ತೂವರೆಗೆ, ಕಿತ್ತೂರಿಗೆ ಹೋದವಳು ಚಹಾ ಕುಡಿದು ಮುಗಿಸಿರುತ್ತಿದ್ದಳು. ಪದ್ಮವ್ವ ಇನ್ನೂ ಸಮುದ್ರದ ಮೇಲಿದ್ದಳು. ನಲವತ್ತು ವರ್ಷದ ಸಂಸಾರದಲ್ಲಿ ಅವಳು ಎಲ್ಲಿದ್ದಾಳೆ ಎಂದು ಅವರಿಗೆ ಗೊತ್ತಿಲ್ಲದ ಹೊತ್ತು ಇದೇ ಮೊದಲು.

ಹನ್ನೊಂದು ಹತ್ತಾಯಿತು. ಇಳಿಯುವುದಕ್ಕೆ, ಕಾಗದ ತೋರಿಸುವುದಕ್ಕೆ, ಚೀಲ ತೆಗೆದುಕೊಳ್ಳುವುದಕ್ಕೆ ಒಂದು ತಾಸು ಬಿಟ್ಟರು. ಹನ್ನೆರಡಾಯಿತು, ಹನ್ನೆರಡೂವರೆಯಾಯಿತು, ಫೋನ್ ಬರಲಿಲ್ಲ. ಪದ್ಮವ್ವನ ನಂಬರಿಗೆ ಹಚ್ಚಿದರೆ ವ್ಯಾಪ್ತಿಯ ಹೊರಗೆ ಎಂದಿತು. ಅವಳ ಸಿಮ್ ಅಲ್ಲಿ ನಡೆಯುವುದಿಲ್ಲ ಎಂದು ಮೊದಲೇ ಗೊತ್ತಿತ್ತು, ಆದರೂ ಮೂರು ಸಲ ಹಚ್ಚಿದರು. ಅಳಿಯನ ಫೋನ್ ರಿಂಗಾಗಿ ರಿಂಗಾಗಿ ನಿಂತಿತು. ಮಗಳ ಫೋನ್ ಬಂದ್ ಇತ್ತು. ಮುಂಬೈಯಿಂದ ಯಮನಪ್ಪ ಎರಡು ಸಲ ಹಚ್ಚಿ, ಸುದ್ದಿ ಇಲ್ಲವೆಂದು ಕೇಳಿ ತಾನೇ ಗಾಬರಿಯಾದ. ಮಡಿವಾಳೆಪ್ಪನವರು ಅವನಿಗೆ ಸಮಾಧಾನ ಹೇಳಿ ಫೋನ್ ಇಟ್ಟರು. ಒಲೆಯ ಮೇಲೆ ಅನ್ನ ಇಟ್ಟದ್ದು ಮರೆತು, ತಳ ಹತ್ತಿದ ವಾಸನೆ ಬಂದಾಗಲೇ ಎದ್ದರು. ಒಲೆ ಆರಿಸಿ, ಬಾಗಿಲು ಎಳೆದುಕೊಂಡು, ಬಿಸಿಲಿನಲ್ಲಿ ಗೌತಮನ ಅಂಗಡಿಗೆ ನಡೆದರು.

ಗೌತಮ ಯಾರಿಗೋ ಅರ್ಜಿ ತುಂಬಿಸುತ್ತಿದ್ದವನು ಇವರ ಮುಖ ನೋಡಿ ಅದನ್ನು ಬದಿಗಿಟ್ಟ. ಕಂಪ್ಯೂಟರಿನಲ್ಲಿ ವಿಮಾನದ ನಂಬರು ಹೊಡೆದು ನೋಡಿದ. ಅಡಿಸ್ ಅಬಾಬಾದಲ್ಲಿ ಅಲ್ಲಿಯ ಎಂಟು ಮೂವತ್ತೊಂದಕ್ಕೆ ಇಳಿದಿದೆ, ಒಂಬತ್ತು ನಿಮಿಷ ಮೊದಲೇ ಎಂದ. ಮಡಿವಾಳೆಪ್ಪನವರು ಅಂಗಡಿಯ ಸ್ಟೂಲಿನ ಮೇಲೆ ಕೂತರು. ವಿಮಾನ ಮುಟ್ಟುತ್ತದೋ ಇಲ್ಲವೋ ಎಂಬುದೇ ಬೆಳಗಿನಿಂದ ಅವರು ಬಾಯಿಬಿಟ್ಟು ಹೇಳದೆ ಇಟ್ಟುಕೊಂಡಿದ್ದ ಹೆದರಿಕೆಯಾಗಿತ್ತು. ಗಾಡಿ ಮುಟ್ಟಿತ್ತು. ಇನ್ನು ಉಳಿದದ್ದು ನೆಲದ ಮೇಲಿನ ಪ್ರಶ್ನೆ, ಅದು ಅವರಿಗೆ ಗೊತ್ತಿದ್ದ ವಿದ್ಯೆ. ಗಾಡಿ ಬಂದಿದೆ, ಮಂದಿ ಕಾಣುತ್ತಿಲ್ಲ ಎಂದರೆ, ಕರೆಯಲು ಬರಬೇಕಾದವನು ಬಂದಿಲ್ಲ ಎಂದರ್ಥ. ಯಾಕೆ ಬಂದಿಲ್ಲ ಎನ್ನುವುದನ್ನು ಹುಡುಕಬೇಕು.

ಎರಡು ಗಂಟೆ ದಾಟಿದ ಮೇಲೆ ಬಸವಲಿಂಗನ ಫೋನ್ ಬಂತು.

“ಮಾವಾರ, ಹೆಣ್ಣ ಕೂಸು ಆತ್ರಿ. ಇಬ್ರೂ ಆರಾಮ ಅದಾರ.”

ಹೆರಿಗೆಗೆ ಇನ್ನೂ ಮೂರು ವಾರವಿತ್ತು. ಆದರೆ ಹಿಂದಿನ ರಾತ್ರಿಯೇ ಶೀತಲಳಿಗೆ ನೋವು ಶುರುವಾಗಿತ್ತು. ಬೆಳಗಿನ ತನಕ ನೋಡಿ ಡಾಕ್ಟರು ಆಪರೇಶನ್ ಮಾಡಿ ಕೂಸನ್ನು ತೆಗೆದಿದ್ದರು. ತೂಕ ತುಸು ಕಡಿಮೆ, ಆದರೆ ಗಟ್ಟಿಯಾಗಿ ಅತ್ತಿತಂತೆ. ಬಸವಲಿಂಗ ಆ ಬಾಗಿಲಿನಿಂದ ಈ ಬಾಗಿಲಿಗೆ ಓಡಾಡುತ್ತ ಫೋನನ್ನು ಆಸ್ಪತ್ರೆಯ ಚೀಲದಲ್ಲೇ ಬಿಟ್ಟಿದ್ದ. ಇಷ್ಟೆಲ್ಲ ಒಂದೇ ಉಸಿರಿನಲ್ಲಿ ಹೇಳಿ, ಅತ್ತೆಯವರು ಕೋಣೆ ಮುಟ್ಟಿ ದಣಿವಾರಿಸಿಕೊಳ್ಳುತ್ತಿರಬೇಕು, ಈಗಲೇ ಹೋಗಿ ಕರೆತರುತ್ತೇನೆ ಎಂದ.

ಮಡಿವಾಳೆಪ್ಪನವರ ಎದೆಯಲ್ಲಿ ಏರಿದ ಸಂತೋಷ ಅಲ್ಲೇ ಗಕ್ಕನೆ ನಿಂತಿತು. ಅವಳಿಂದ ನಮಗೂ ಫೋನ್ ಬಂದಿಲ್ಲ ಎಂದರು. ಬಸವಲಿಂಗ ಹಿಂದಿನ ರಾತ್ರಿಯದನ್ನು ಹೇಳಿದ. ತಾನು ಆಸ್ಪತ್ರೆ ಬಿಡುವಂತಿರಲಿಲ್ಲವಾದ್ದರಿಂದ ಕಾರ್ಖಾನೆಯ ಮಂದಿಗೆ ಗಾಡಿ ಬಾಡಿಗೆ ಹೊಡೆಯುವ ತೆಸ್ಫಾಯೆ ಎಂಬ ಡ್ರೈವರನಿಗೆ ಹೇಳಿದ್ದ. ನಂಬಿಗಸ್ತ ಮನುಷ್ಯ, ಎರಡು ವರ್ಷದಲ್ಲಿ ಒಂದು ಸಲವೂ ತಪ್ಪಿಸಿದವನಲ್ಲ. ಪದ್ಮವ್ವನ ಫೋಟೋ, ಕೋಣೆಯ ಕೀಲಿ ಎಲ್ಲ ಅವನ ಹತ್ತಿರ ಇದ್ದವು.

“ನೀವು ಅಂವಗ ಹೇಳಿದ್ದು ಏನು, ಅಂವಾ ಅಂದದ್ದು ಏನು, ಒಂದೊಂದ ಮಾತು ನೆನಪು ಮಾಡಿ ಹೇಳ್ರಿ,” ಎಂದರು ಮಡಿವಾಳೆಪ್ಪನವರು. ಅವರ ಧ್ವನಿ ಈಗ ಬಸ್ ಸ್ಟ್ಯಾಂಡಿನ ಕೋಣೆಯ ಧ್ವನಿಯಾಗಿತ್ತು.

“ನಾಳೆ ಎಂಟೂ ನಲವತ್ತಕ್ಕ ವಿಮಾನ ಬರ್ತೈತಿ, ಅತ್ತಿಯವರನ್ನ ಕರಕೊಂಡು ಬಾ ಅಂದೆ. ಆತು ಅಂದಾ. ಊಟಾ ಮಾಡಿ ಅಲ್ಲಿಂದ ಸೀದಾ ಹೊಕ್ಕೇನಿ ಅಂದಾ.”

“ಎಂಟೂ ನಲವತ್ತರ ಗಾಡಿಗೆ ಹೋಗಾಂವ ಊಟಾ ಯಾವಾಗ ಮಾಡ್ತಾನ್ರಿ?”

ಬಸವಲಿಂಗನಿಗೆ ಆಗ ಹೊಳೆಯಿತು. ತಪ್ಪು ನನ್ನದು ಮಾವಾರ ಎಂದ. ಆ ದೇಶದ ಮಂದಿ ತಾಸನ್ನು ಸೂರ್ಯ ಹುಟ್ಟಿದಲ್ಲಿಂದ ಎಣಿಸುತ್ತಾರೆ. ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ, ನಡು ಮಧ್ಯಾಹ್ನ ಅವರಿಗೆ ಆರು ಗಂಟೆ. ವಿಮಾನದ ಟಿಕೆಟ್ಟಿನ ಮೇಲೆ ಜಗತ್ತಿನ ಗಡಿಯಾರ ಇರುತ್ತದೆ. ಸಂತೆಯಲ್ಲಿ, ಮನೆಯಲ್ಲಿ, ಡ್ರೈವರನ ತಲೆಯಲ್ಲಿ ಇರುವುದು ಆ ಇನ್ನೊಂದು. ಎಂಟು ನಲವತ್ತು ಎಂದರೆ ತೆಸ್ಫಾಯೆಗೆ ಅದು ಮಧ್ಯಾಹ್ನದ ಎರಡು ನಲವತ್ತು. ಬಸವಲಿಂಗ ಬೇರೆ ದಿನವಾಗಿದ್ದರೆ ಯಾವ ಗಡಿಯಾರ ಎಂದು ಬಿಡಿಸಿ ಹೇಳುತ್ತಿದ್ದ. ಆ ರಾತ್ರಿ ಹೆಂಡತಿ ನರಳುತ್ತಿದ್ದಳು, ಅವನು ಬರೀ ಅಂಕಿ ಹೇಳಿ ಫೋನ್ ಇಟ್ಟಿದ್ದ.

ಅಲ್ಲಿ ಆಗ ಹನ್ನೆರಡಕ್ಕೆ ಇನ್ನೂ ಕಾಲು ಗಂಟೆ ಇತ್ತು. ತೆಸ್ಫಾಯೆ ಬರುವ ತನಕ ಪದ್ಮವ್ವ ಇನ್ನೂ ಮೂರು ತಾಸು ಕಾಯಬೇಕಿತ್ತು. ಮಡಿವಾಳೆಪ್ಪನವರು ಅಳಿಯನಿಗೆ ಒಂದು ಮಾತೂ ಬಯ್ಯಲಿಲ್ಲ. ಈಗಿಂದೀಗ ಡ್ರೈವರನಿಗೆ ಹಚ್ಚಿರಿ, ನೀವು ಶೀತಲಳ ಹತ್ತಿರವೇ ಇರಿ ಎಂದು ಹೇಳಿ ಇಟ್ಟರು. ಐದು ನಿಮಿಷಕ್ಕೆ ಬಸವಲಿಂಗ ತಿರುಗಿ ಹಚ್ಚಿದ. ತೆಸ್ಫಾಯೆ ಸಿಕ್ಕಿದ್ದ. ಇನ್ನೂ ಆರು ಗಂಟೆಯೂ ಆಗಿಲ್ಲ, ಯಾಕೆ ಅವಸರ ಮಾಡುತ್ತೀರಿ ಎಂದು ಕೇಳಿದನಂತೆ. ವಿಷಯ ತಿಳಿದ ಮೇಲೆ ತಟ್ಟೆ ಬಿಟ್ಟು ಎದ್ದು ಹೊರಟಿದ್ದ. ವಿಮಾನ ನಿಲ್ದಾಣ ಅವನಿದ್ದಲ್ಲಿಂದ ಅರ್ಧ ತಾಸಿನ ದಾರಿ.

ಆ ಅರ್ಧ ತಾಸು ಮಡಿವಾಳೆಪ್ಪನವರು ಅಂಗಡಿ ಬಿಟ್ಟು ಕದಲಲಿಲ್ಲ. ಗೌತಮ ಚಹಾ ತರಿಸಿದ, ಅದು ಕೆನೆ ಕಟ್ಟಿತು. ಎದುರಿನ ಸ್ಟ್ಯಾಂಡಿನಲ್ಲಿ ಬೈಲಹೊಂಗಲದ ಬಸ್ಸು ತುಂಬಿ ಹೋಯಿತು. ಪದ್ಮವ್ವ ಕಾದು ಬೇಸತ್ತು ಹೊರಗೆ ನಡೆದುಬಿಟ್ಟಿದ್ದರೆ, ಯಾರದೋ ಗಾಡಿ ಹತ್ತಿದ್ದರೆ ಎಂಬ ಯೋಚನೆ ಬಂತು. ಅದನ್ನು ಗೌತಮನಿಗೆ ಹೇಳಲಿಲ್ಲ. ಮೂರಕ್ಕೆ ಹತ್ತು ನಿಮಿಷ ಇರುವಾಗ ಗೊತ್ತಿಲ್ಲದ ಉದ್ದನೆಯ ನಂಬರಿನಿಂದ ಕರೆ ಬಂತು.

“ಕರಿಯಾಕ ಒಬ್ಬ ಡ್ರೈವರ್ ಬಂದಾನ್ರಿ, ಅವನ ಫೋನಿನಿಂದ ಹಚ್ಚೇನಿ. ನಾ ಗಾಡ್ಯಾಗ ಕುಂತೇನಿ,” ಎಂದರು ಪದ್ಮವ್ವ. “ನೀವು ಉಂಡ್ರಿಲ್ಲೋ?”

 ಮಡಿವಾಳೆಪ್ಪನವರು ಉಂಡೆ ಎಂದು ಸುಳ್ಳು ಹೇಳಿದರು. ಆಮೇಲೆ ಅವರಿಗೆ ಹೊಳೆಯಿತು, ಇವಳಿಗೆ ಇನ್ನೂ ಯಾರೂ ಹೇಳಿಲ್ಲ. ಡ್ರೈವರನಿಗೆ ಕನ್ನಡ ಬಾರದು, ಇವಳಿಗೆ ಅವನ ಮಾತು ತಿಳಿಯದು. ಮಗಳು ಹೆತ್ತ ಆಸ್ಪತ್ರೆಯಿಂದ ಅರ್ಧ ತಾಸಿನ ದೂರದಲ್ಲಿ ಕೂತವಳಿಗೆ ಆ ಸುದ್ದಿಯನ್ನು ರಾಮದುರ್ಗದಿಂದ ತಾವು ಹೇಳಬೇಕಾಗಿತ್ತು.

“ಪದ್ಮಾ, ನೀ ಆಯಿ ಆದಿ. ಮೊಮ್ಮಗಳು ಬಂದಾಳ. ಶೀತಲ ಆರಾಮ ಅದಾಳ.”

 ಗಾಡಿಯ ಸದ್ದಿನ ನಡುವೆ ಪದ್ಮವ್ವ ಅತ್ತದ್ದು ಕೇಳಿತು. ಗೌತಮ ಎದ್ದು ಅಂಗಡಿಯ ಹೊರಗೆ ಹೋಗಿ ನಿಂತ. ಮಡಿವಾಳೆಪ್ಪನವರು ಕಪ್ಪು ಕನ್ನಡಕ ತೆಗೆದರು. ಆಪರೇಶನ್ ಆದ ಕಣ್ಣಿಗೆ ನೀರು ತಾಗಬಾರದು ಎಂದಿದ್ದರು ಡಾಕ್ಟರು. ಒಳಗಿನಿಂದ ಬರುವ ನೀರಿನ ಬಗ್ಗೆ ಏನೂ ಹೇಳಿರಲಿಲ್ಲ.

ಆ ಮೂರು ತಾಸು ಹೇಗೆ ಕಳೆಯಿತು ಎಂಬುದನ್ನು ಪದ್ಮವ್ವ ಮರುದಿನ ಸಾವಕಾಶವಾಗಿ ಹೇಳಿದರು. ಹೊರಗೆ ಬಂದು ನೋಡಿದರೆ ಅಳಿಯ ಕಾಣಲಿಲ್ಲ; ಹೆಸರು ಬರೆದ ಹಲಗೆ ಹಿಡಿದವರು ಎಷ್ಟೋ ಮಂದಿ ಇದ್ದರು, ಇವರ ಹೆಸರು ಯಾರ ಕೈಯಲ್ಲೂ ಇರಲಿಲ್ಲ. ಒಬ್ಬ ಟ್ಯಾಕ್ಸಿಯವನು ಚೀಲಕ್ಕೆ ಕೈ ಹಾಕಿದಾಗ ಅವರು ಚೀಲದ ಮೇಲೆಯೇ ಕೂತುಬಿಟ್ಟರು. ಕರೆಯಲು ಬರುವವರು ತಪ್ಪಿದರೆ ಇಳಿದ ಜಾಗ ಬಿಡಬೇಡಿ ಎಂದು ಗಂಡ ಮೈಕಿನಲ್ಲಿ ಹೇಳುವುದನ್ನು ಕೇಳಿ ಕೇಳಿ ಬಾಯಿಪಾಠವಾಗಿತ್ತು; ಅದನ್ನೇ ನೆನೆದು ಒಂದು ಕಂಬದ ಬುಡದಲ್ಲಿ ಗಟ್ಟಿಯಾಗಿ ಕೂತರು. ಎರಡನೆಯ ತಾಸಿಗೆ ನೆಲ ಒರೆಸುವ ಒಬ್ಬ ವಯಸ್ಸಾದ ಹೆಂಗಸು ಬಂದು ಏನೋ ಕೇಳಿದಳು. ಇವರು ಕನ್ನಡದಲ್ಲಿ ಮಗಳು ಬಸುರಿ ಎಂದು ಹೊಟ್ಟೆಯ ಮೇಲೆ ಕೈಯಾಡಿಸಿ ತೋರಿಸಿದರು. ಆಕೆ ನಕ್ಕು, ತನಗೆ ನಾಲ್ಕು ಎಂದು ಬೆರಳು ತೋರಿಸಿ, ಎಲ್ಲಿಂದಲೋ ಒಂದು ಸಣ್ಣ ಬಟ್ಟಲು ಕಪ್ಪು ಕಾಫಿ ತಂದುಕೊಟ್ಟಳು. ಪದ್ಮವ್ವ ಖಡಕ್ ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿ ಅವಳ ಕೈಗಿಟ್ಟರು. ಖಾರಕ್ಕೆ ಹೆದರುತ್ತಾಳೆ ಅಂದುಕೊಂಡಿದ್ದರೆ ಇನ್ನೊಂದು ಕೇಳಿ ತಿಂದಳಂತೆ. ತೆಸ್ಫಾಯೆ ಓಡುತ್ತ ಬಂದು ಫೋಟೋ ತೋರಿಸಿದಾಗ, ಅವನ ಗುರುತು ವಿಚಾರಿಸಿ, ಸರಿಯಾದವನೇ ಎಂದು ಖಾತ್ರಿ ಮಾಡಿಕೊಂಡು, ಪದ್ಮವ್ವನನ್ನು ಗಾಡಿ ಹತ್ತಿಸಿದವಳೂ ಅವಳೇ.

ಇದೆಲ್ಲ ಮರುದಿನದ ಮಾತು. ಆ ಮಧ್ಯಾಹ್ನ ಮೂರೂವರೆಗೆ ಆಸ್ಪತ್ರೆಯಿಂದ ಮತ್ತೊಮ್ಮೆ ಫೋನ್ ಬಂತು. ಶೀತಲ ನಿತ್ರಾಣದ ಧ್ವನಿಯಲ್ಲಿ, ಅವ್ವ ಬಂದಳು ಅಪ್ಪಾ ಎಂದಷ್ಟೇ ಹೇಳಿದಳು. ಅಷ್ಟು ಸಾಕಾಗಿತ್ತು. ಮಡಿವಾಳೆಪ್ಪನವರು ಮುಂಬೈಗೆ ಹಚ್ಚಿ ಯಮನಪ್ಪನಿಗೆ ಸುದ್ದಿ ಕೊಟ್ಟರು. ಗೌತಮ ಎದುರಿನ ಖಾನಾವಳಿಯಿಂದ ರೊಟ್ಟಿ, ಬದನೆಕಾಯಿ ಪಲ್ಯ ತರಿಸಿ ಎದುರಿಗೆ ಕೂತು ಉಣ್ಣಿಸಿದ. ಎರಡು ರೊಟ್ಟಿ ಉಂಡು, ಮೂರನೆಯದನ್ನೂ ಕೇಳಿ ಹಾಕಿಸಿಕೊಂಡರು.

ಮನೆಗೆ ಬಂದ ಮೇಲೆ ಸುರೇಬಾನಕ್ಕೆ, ದೇವಕ್ಕನಿಗೆ ಫೋನ್ ಹಚ್ಚಿದರು. ಎಪ್ಪತ್ತೈದು ದಾಟಿದ ಆಕೆಗೆ ಕಿವಿ ಮಂದ, ಎಲ್ಲವನ್ನೂ ಎರಡೆರಡು ಸಲ ಹೇಳಬೇಕಾಯಿತು. ಕೂಸಿನ ಸುದ್ದಿ ಕೇಳಿ ಹರಸಿದಳು. ತಾಯಿ ಮಗಳು ಒಂದೇ ಕಡೆ ಸೇರಿದರಲ್ಲ ಎಂದು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

“ಎಷ್ಟ ದೂರ ಐತಿ ತಮ್ಮಾ ಅದು?”

“ಬಾಳ ದೂರ ಐತೆಕ್ಕಾ. ಆದ್ರ ಮುಟ್ಯಾಳ,” ಎಂದರು ಮಡಿವಾಳೆಪ್ಪನವರು.

ಫೋನ್ ಇಟ್ಟು ಪಡಸಾಲೆಯ ಚಾಪೆಯ ಮೇಲೆ ಅಡ್ಡಾದರು. ಬಾಗಿಲು ಹಾಕುವುದು ನೆನಪಾಗಲಿಲ್ಲ. ಪಕ್ಕದ ಮನೆಯ ಸಾವಿತ್ರೆವ್ವ ಮೊಸರು ಕೊಡಲು ಬಂದವಳು, ಅವರು ಬಾಯಿ ತೆರೆದು ಗೊರಕೆ ಹೊಡೆಯುವುದನ್ನು ನೋಡಿ, ಪಾತ್ರೆಯನ್ನು ಒಳಗಿಟ್ಟು, ಸಪ್ಪಳವಾಗದಂತೆ ಬಾಗಿಲು ಮುಂದೆ ಮಾಡಿಕೊಂಡು ಹೋದಳು.